ಮಾನಪ್ಪನ ದಾಸವಾಳ

ಅಮಲಿನ ಸೊಪ್ಪು ಜಗಿಯುವ ಮಾನಪ್ಪನ ಚಟವನ್ನು ಆಸ್ಪತ್ರೆಯವರು ಎಲ್ಲ ಚಟದವರಿಗೂ ಮಾಡುವಂತೆ ದಾಸವಾಳದ ಗಿಡವೊಂದಕ್ಕೆ ಇಳಿಸಿ, ಕುಂಡವನ್ನು ಹೆಂಡತಿ ಕಾಶವ್ವನ ಕೈಗಿತ್ತು ಕಳಿಸಿದ್ದರು. ಗಿಡ ಒಣಗಿದರೆ ಚಟ ಮರಳುತ್ತದೆ. ಸೊಪ್ಪಿನ ವಾಸನೆ ಬಂದರೆ ಗಿಡ ಅತ್ತ ಬಾಗುತ್ತದೆ, ಹೆದರಬೇಡಿ ಎಂದಿದ್ದರು.

ಮಾನಪ್ಪ ಈಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ, ಮಲಗುತ್ತಾನೆ. ಅಂದು ಕಾಶವ್ವ ವಾರದ ಮೇಲೆ ತವರಿನಿಂದ ಬಂದಳು. ಮೊದಲಾಗಿದ್ದರೆ ಅಮಲಿನಲ್ಲೂ ಬಸ್‌ಸ್ಟ್ಯಾಂಡಿಗೆ ಓಡಿಬರುತ್ತಿದ್ದ.

"ನಾ ಇಲ್ದಾಗ ಬ್ಯಾಸರ ಆತೇನ್ರಿ?"

"ಇಲ್ಲ, ಆರಾಮ ಇದ್ದೆ," ಎಂದ, ತಲೆಯೆತ್ತದೆ.

ಕಾಶವ್ವ ತಂಬಿಗೆಯಲ್ಲಿ ನೀರು ಹಿಡಿದು ಹಿತ್ತಿಲಿಗೆ ಹೋದಳು. ಬಳೆಯ ಸದ್ದಿಗೆ ದಾಸವಾಳ ನಡುಗಿ, ಇಡಿಯಾಗಿ ಅವಳತ್ತ ಬಾಗಿತು. ಎಡಕ್ಕೆ ಸರಿದಳು, ಅದೂ ಎಡಕ್ಕೆ ಬಾಗಿತು.

ಕುಂಡದ ಪಕ್ಕ ಕೂತು, ಎಲೆಗೆ ಕೆನ್ನೆ ಹಚ್ಚಿ, ಮೆಲ್ಲಗೆ ಅಂದಳು:

"ಬಂದೀನ್ರಿ."