ಚೋಕ್ ಎಳೆದ ಕೈ

ಲೋಹಿತನಿಗೆ ತನ್ನ ಬೈಕ್ ಅಂದರೆ ಪ್ರಾಣ...

ಬೈಕ್ ಏನೋ ಹಳೇದು, ಕಾರ್ಬೊರೇಟರ್ ಕಾಲದ್ದು. ಆದರೆ ಸೈಲೆನ್ಸರ್ ಮಾತ್ರ ಹೊಚ್ಚ ಹೊಸದು! ಊರಿಗೆಲ್ಲ ಸೌಂಡ್ ಕೇಳಲಿ ಅಂತ ಆಸೆಪಟ್ಟು, ದಪ್ಪ ಬಾಯಿಯದ್ದೇ ಹುಡುಕಿ ಹಾಕಿಸಿದ್ದ.

ಊರಿಗೇನೋ ಕೇಳಿಸಿತು... ಬೈಕಿನ ಆರೋಗ್ಯ ಕೆಟ್ಟುಹೋಯಿತು.

ಆಕ್ಸಿಲರೇಟರ್ ಬಿಟ್ಟರೆ ಪಟಾಕಿ ಹೊಡೆದ ಹಾಗೆ ಟಪ್ ಟಪ್. ತಿರುವಿದರೆ ಮುಂದಕ್ಕೇ ಹೋಗಲ್ಲ. ಸಿಗ್ನಲ್‌ನಲ್ಲಿ ನಿಂತರೆ ಆಫ್. ಹಿಂದಿನ ಆಟೋದವರು ಏನೇನು ಬೈದರು ಅಂತ ಇಲ್ಲಿ ಬರೆಯೋದು ಬೇಡ ಬಿಡಿ.

ಒಬ್ಬ ಮೆಕ್ಯಾನಿಕ್ ಪ್ಲಗ್ ಬದಲಿಸಿದ. ಇನ್ನೊಬ್ಬ "ಮಾರಿಬಿಡಿ ಸಾರ್" ಅಂದ. ಕೊನೆಗೆ ಯಾರೋ ಪುಣ್ಯಾತ್ಮರು, "ತಿಪಟೂರಲ್ಲಿ ಗುರುಸಿದ್ದಣ್ಣನ ಗ್ಯಾರೇಜ್‌ಗೆ ಹೋಗಪ್ಪ. ಸೌಂಡ್ ಕೇಳೇ ಕಾಯಿಲೆ ಹೇಳ್ತಾರೆ" ಅಂದರು.

ಹೋದ. ನೋಡಿದರೆ ಗುರುಸಿದ್ದಣ್ಣ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ, ಗೋಡೆ ಕಡೆ ಮುಖ ಮಾಡಿ ಕೂತಿದ್ದಾರೆ. ಬಂದವರು ಯಾರು ಅಂತಲೂ ತಿರುಗಿ ನೋಡಲಿಲ್ಲ.

ಕೆಲಸ ಮಾಡುತ್ತಿದ್ದವಳು ಅವರ ಮಗಳು ಹಂಸ. ಕೈ ಒರೆಸಿಕೊಳ್ಳುತ್ತಾ ಬಂದು ಮೆಲ್ಲಗೆ ಹೇಳಿದಳು...

"ಅಪ್ಪಂಗೆ ಸ್ಟ್ರೋಕ್ ಆಗಿದೆ ಸಾರ್. ಬಲಗೈ, ಮಾತು ಎರಡೂ ಬಿದ್ದೋಗಿದೆ. ಪ್ರಯತ್ನ ಪಟ್ರೆ ವಾಪಸ್ ಬರುತ್ತೆ ಅಂದಿದ್ದಾರೆ ಡಾಕ್ಟ್ರು. ಹೀಗೇ ಕೂತ್ರೆ ಕೈ ಪೂರ್ತಿ ಹೋಗುತ್ತಂತೆ. ದಿನಾ ಕರ್ಕೊಂಡು ಬಂದು ಕೂರಿಸ್ತೀನಿ... ಮನಸ್ಸೇ ಮಾಡ್ತಿಲ್ಲ."

ಲೋಹಿತನಿಗೆ ಅಯ್ಯೋ ಅನ್ನಿಸಿತು. ಆದರೂ ಕೇಳಿದ, "ಗಾಡಿ ಯಾವಾಗ ಸಿಗುತ್ತಕ್ಕ?"

"ನಾಳೆ ಬನ್ನಿ."

ಮರುದಿನ ಬಂದ. ಹಂಸ ಪ್ಲಗ್ ಬಿಚ್ಚಿ ಒರೆಸುತ್ತಿದ್ದಳು. ಸ್ಟಾರ್ಟ್ ಮಾಡಿದಳು... ಟಪ್ ಟಪ್ ಟಪ್. "ಇನ್ನೊಂದಿನ ಬಿಡಿ ಸಾರ್" ಅಂದಳು.

ಅದರ ಮರುದಿನವೂ ಅದೇ ಪ್ಲಗ್, ಅದೇ ಟಪ್ ಟಪ್. ಆಮೇಲೂ ಅದೇ ಕಥೆ. ಬಸ್ಸಿನಲ್ಲಿ ಓಡಾಡಿ ಓಡಾಡಿ ಲೋಹಿತನಿಗೆ ಸಾಕಾಗಿಹೋಯಿತು.

ಶನಿವಾರ ಅವನ ತಾಳ್ಮೆ ಪೂರ್ತಿ ಕೆಟ್ಟಿತು.

"ಏನಕ್ಕ ಇದು? ಒಂದು ವಾರದಿಂದ ಪ್ಲಗ್ ಒಂದನ್ನೇ ಉಜ್ತಾ ಇದೀರ! ಕೆಲಸ ಬರಲ್ಲ ಅಂದ್ರೆ ಬರಲ್ಲ ಅಂತ ಹೇಳಿ. ನನ್ನ ಗಾಡಿ ಕೊಡಿ, ಬೇರೆ ಕಡೆ ತೋರಿಸ್ಕೋತೀನಿ!"

ಹಂಸ ತಲೆ ತಗ್ಗಿಸಿ ನಿಂತಳು. ಬೈಕ್ ಮಾತ್ರ ಸ್ಟಾರ್ಟ್ ಆಗೇ ಇತ್ತು. ಟಪ್... ಟಪ್...

ಆಗ ಮೂಲೆಯಲ್ಲಿ ಕುರ್ಚಿ ಕಿರ್ ಅಂತ ಸದ್ದು ಮಾಡಿತು.

ಗುರುಸಿದ್ದಣ್ಣ ಎದ್ದಿದ್ದರು! ಗೋಡೆ ಹಿಡಿದುಕೊಂಡು, ಒಂದು ಕಾಲು ಎಳೆದುಕೊಂಡು ಬರುತ್ತಿದ್ದರು. ಮುಖದಲ್ಲಿ ಕೆಂಡದಂಥ ಕೋಪ. ತಾನು ಕೆಲಸ ಕಲಿಸಿದ ಮಗಳಿಗೆ ಯಾರೋ ಕೆಲಸ ಬರಲ್ಲ ಅನ್ನೋದಾ?

ಲೋಹಿತ ಹೆದರಿ ಎರಡು ಹೆಜ್ಜೆ ಹಿಂದೆ ಸರಿದ.

ಅವರು ಅವನ ಕಡೆ ನೋಡಲೂ ಇಲ್ಲ. ಬೈಕಿನ ಪಕ್ಕ ನಿಂತು ಕಿವಿಗೊಟ್ಟು ಕೇಳಿದರು. ಆಮೇಲೆ ಎಡಗೈಯಿಂದ, ಇಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗೋ ಹಾಗೆ ಮಾಡುವ ಚೋಕ್ ಅರ್ಧ ಎಳೆದರು.

ಟಪ್ ಟಪ್ ನಿಂತಿತು. ಇಂಜಿನ್ ಹದವಾಗಿ ಓಡತೊಡಗಿತು.

"ಪೆ... ಟ್ರೋ... ಲ್... ಸಾಲ್ದು" ಅಂದರು ಗುರುಸಿದ್ದಣ್ಣ. ಸೈಲೆನ್ಸರ್ ತೋರಿಸಿ, "ಬಾ...ಯಿ ದೊ...ಡ್ಡದು" ಅಂದರು. ಕಾರ್ಬೊರೇಟರ್ ತೋರಿಸಿ, "ಜೆ...ಟ್ ಚಿ...ಕ್ಕದು."

ದೊಡ್ಡ ಸೈಲೆನ್ಸರ್ ಹಾಕಿದ ಮೇಲೆ ಪೆಟ್ರೋಲ್ ಬಿಡುವ ಜೆಟ್ ಕೂಡ ದೊಡ್ಡದು ಹಾಕಬೇಕಿತ್ತು. ಲೋಹಿತ ಶೋಕಿ ಮಾಡಿದ್ದ, ಅದನ್ನು ಮರೆತಿದ್ದ. ಅಷ್ಟೇ ಕಾಯಿಲೆ!

ಹಂಸ ಇಂಜಿನ್ ಆಫ್ ಮಾಡಿ, ಕಾರ್ಬೊರೇಟರ್ ಬಿಚ್ಚಿದಳು. ಅಂಗಿ ಜೇಬಿನಿಂದ ಪುಟ್ಟ ಹಿತ್ತಾಳೆ ಜೆಟ್ ತೆಗೆದು ಅಪ್ಪನ ಬಲಗೈಯಲ್ಲೇ ಇಟ್ಟಳು. ಕೈ ನಡುಗಿತು. ಜೆಟ್ ನೆಲಕ್ಕೆ ಬಿತ್ತು.

ಲೋಹಿತ ಎತ್ತಿಕೊಡಲು ಬಗ್ಗಿದ. ಹಂಸ ಬೇಡ ಅಂತ ಅವನ ತೋಳು ಹಿಡಿದಳು.

ಗುರುಸಿದ್ದಣ್ಣ ಕಷ್ಟಪಟ್ಟು ನೆಲಕ್ಕೆ ಕೂತರು. ಬೆರಳು ಜಾರಿತು... ಮತ್ತೆ ಜಾರಿತು... ಕೊನೆಗೂ ಅದೇ ಬಲಗೈಯಲ್ಲಿ ಜೆಟ್ ಎತ್ತಿ ಮಗಳ ಮುಖ ನೋಡಿದರು.

ಆಗ ಲೋಹಿತನಿಗೆ ಹೊಳೆಯಿತು. ಹಂಸಳನ್ನು ಪಕ್ಕಕ್ಕೆ ಕರೆದು ಕೇಳಿದ. "ಅಕ್ಕ... ಈ ಜೆಟ್ ಯಾವಾಗ ತಂದಿದ್ದು?"

"ನೀವು ಗಾಡಿ ಬಿಟ್ಟೋದ ದಿನಾನೇ ಸಾರ್. ಸೌಂಡ್ ಕೇಳ್ತಿದ್ದಂಗೆ ಗೊತ್ತಾಯ್ತು" ಅಂದಳು. "ನಾನೇ ಸರಿ ಮಾಡ್ಬಿಟ್ರೆ ಅಪ್ಪ ಯಾಕೆ ಏಳ್ತಾರೆ? ತಪ್ಪು ತಪ್ಪು ಮಾಡ್ತಿದ್ರೆ ಒಂದಿನ ತಡೆಯೋಕಾಗ್ದೆ ಎದ್ದು ಬೈತಾರೆ ಅಂದ್ಕೊಂಡೆ. ನಿಮ್ಗೆ ತೊಂದ್ರೆ ಕೊಟ್ಟೆ... ಕ್ಷಮಿಸಿ."

ಲೋಹಿತನ ಕಣ್ಣು ತುಂಬಿ ಬಂತು. ಇಂಥವಳಿಗೆ ಕೆಲಸ ಬರಲ್ಲ ಅಂದೆನಲ್ಲ ಅಂತ ನಾಚಿಕೆಯಾಯಿತು.

ಅಂದು ಸಂಜೆ ಬೈಕ್ ಬೆಣ್ಣೆ ಹಾಗೆ ಓಡಿತು. ಊರು ತಲುಪುವವರೆಗೂ ಒಂದು ಸಲವೂ ಆಫ್ ಆಗಲಿಲ್ಲ.

ಆದರೂ ಮುಂದಿನ ಶನಿವಾರ ಲೋಹಿತ ಮತ್ತೆ ಗ್ಯಾರೇಜ್ ಮುಂದೆ ಹಾಜರ್!

"ಗುರುಸಿದ್ದಣ್ಣ, ಏನೋ ಸೌಂಡ್ ಬರ್ತಾ ಇದೆ... ಸ್ವಲ್ಪ ನೋಡ್ತೀರಾ?"

ಗುರುಸಿದ್ದಣ್ಣ ಈಗ ಬಾಗಿಲ ಕಡೆ ಮುಖ ಮಾಡಿ ಕೂತಿದ್ದರು. ಎದ್ದು ಬಂದರು. ಬಲಗೈಯಿಂದಲೇ ನಿಧಾನವಾಗಿ ಆಕ್ಸಿಲರೇಟರ್ ತಿರುವಿ, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅವನನ್ನೇ ದಿಟ್ಟಿಸಿ ನೋಡಿದರು.

"ಸು...ಳ್ಳಾ" ಅಂದರು. "ಏ...ನೂ ಆಗಿಲ್ಲ ಗಾ...ಡಿಗೆ."

ಸಿಕ್ಕಿಬಿದ್ದ ಲೋಹಿತ ತಲೆ ಕೆರೆದುಕೊಂಡ. ಹಂಸ ನಗು ತಡೆಯಲಾರದೆ ಆ ಕಡೆ ತಿರುಗಿದಳು.

ಗುರುಸಿದ್ದಣ್ಣ ನಡುಗುವ ಕೈಯನ್ನು ಅವನ ಹೆಗಲ ಮೇಲಿಟ್ಟು ಹೇಳಿದರು...

"ಮುಂ...ದಿನ್ ವಾರಾನೂ... ಬಾ."

.

ಬಿದ್ದವರನ್ನು ಎಬ್ಬಿಸೋಕೆ ಒಮ್ಮೊಮ್ಮೆ ಅವರ ಹತ್ತಿರವೇ ಒಂದು ಸಹಾಯ ಕೇಳಬೇಕು.

ನಿಮ್ಮ ಮನೆಯಲ್ಲಿ ಮೌನವಾಗಿ ಕೂತಿರುವ ಒಬ್ಬರನ್ನು, "ಇದು ನನಗೆ ಗೊತ್ತಾಗ್ತಿಲ್ಲ, ಸ್ವಲ್ಪ ಹೇಳಿಕೊಡ್ತೀರಾ?" ಅಂತ ನೀವು ಕೇಳಿ ಎಷ್ಟು ದಿನ ಆಯ್ತು...?