ಮುಂಗಾಲಿನ ಬಿಳಿ ಕುಚ್ಚು

ಸೂಕ್ಷ್ಮದರ್ಶಕದ ಕೆಳಗಿದ್ದ ನೀಳಗಾಲಿನ ನೊಣವನ್ನು ಕುಂಚದಿಂದ ಮುಟ್ಟಲು ಕೀಟತಜ್ಞೆಗೆ ಕೈಯೇ ಏಳಲಿಲ್ಲ. ಅದನ್ನು ಹೊಸ ಪ್ರಭೇದ ಎನ್ನಲು ಇದ್ದದ್ದು ಮುಂಗಾಲಿನ ಬಿಳಿ ಕುಚ್ಚೊಂದೇ. ಆ ನೊಣಕ್ಕೆ ತಮ್ಮದೇ ಹೆಸರೆಂದು ಅಪ್ಪ ಆಗಲೇ ಬೀದಿಗೆಲ್ಲ ಡಂಗುರ ಸಾರಿದ್ದರು.

"ಏನಾದ್ರೂ ಅಂಟಿಕೊಂಡಿರಬಹುದು, ಒಂದ್ಸಲ ಸವರಿ ನೋಡಮ್ಮ," ಎಂದು ಗುರುಗಳು ಬೆಳಿಗ್ಗೆಯಿಂದ ಒಂದೇ ಸಮನೆ ಹೇಳುತ್ತಿದ್ದರು.

ಎದ್ದಳು, ಕಿಟಕಿ ಮುಚ್ಚಿದಳು, ಮತ್ತೆ ಕೂತಳು. ಕೊನೆಗೆ ಉಸಿರು ಬಿಗಿಹಿಡಿದು ಸವರಿದಳು. ಕುಚ್ಚು ಕಳಚಿ ಬಂದು, ಕುಂಚದ ಬಿಳಿ ಕೂದಲುಗಳ ನಡುವೆ ಗುರುತೇ ಸಿಗದಂತೆ ಸೇರಿಕೊಂಡಿತು. ಮೊದಲ ದಿನ ನೊಣವನ್ನು ಶುಚಿ ಮಾಡಿದ್ದೂ ಅದೇ ಕುಂಚದಿಂದ.

ಫೋನ್ ಹೊಡೆದುಕೊಂಡಿತು. "ನನ್ನ ನೊಣ ಹೇಗಿದೆ ಮಗಳೇ?"

ಅವಳು ಕುಂಚ ಕೆಳಗಿಟ್ಟಳು.

"ಎಲ್ಲ ನೊಣಗಳ ಹಾಗೇ ಇದೆ, ಅಪ್ಪಾ."