ಸಲಾಡಿಗೆ ಒಗ್ಗರಣೆ

ಮಾಗಿಯ ಚಳಿಯಲ್ಲಿ ಮುಂಬಯಿಯ ಮಲಾಡಿನ ಮಾರ್ಕೆಟ್ಟಿಗೆ ಬಂದ ಸ್ಟ್ರಾಬೆರಿ ಹೆಚ್ಚಿ, ನೀಲವ್ವ ಹಸಿ ಲೆಟ್ಯೂಸ್ ಸೊಪ್ಪಿನ ಮೇಲೆ ಚೀಜ್ ಉದುರಿಸಿದಳು. ಅಡುಗೆ ಕೆಲಸ ಸಿಗುವುದೋ ಬಿಡುವುದೋ ಈ ಸಲಾಡಿನ ಮೇಲಿತ್ತು. ಅಷ್ಟರಲ್ಲಿ, ಮೂವತ್ತು ವರ್ಷ ಪಚಡಿ ಮಾಡಿದ ಕೈ, ಬೇಳೆಗೆಂದು ಕಾಸಿದ್ದ ಒಗ್ಗರಣೆಯನ್ನು ತಾನಾಗಿಯೇ ಅದರ ಮೇಲೆ ಸುರಿದುಬಿಟ್ಟಿತು. ಸೊಪ್ಪು ಚುಂಯ್ ಎಂದು ಬಾಡಿತು.

"ಅಯ್ಯ, ಏನ್ ಮಾಡಿದಿ ಇದು!" ಮನೆಯೊಡತಿ, ಧಾರವಾಡದ ವಿದುಲಾ ಓಡಿಬಂದಳು.

"ತಪ್ಪಾತ್ರಿ ಅಕ್ಕಾರ. ಕೈಗೆ ರೂಢಿ ಆಗೇತಿ."

ವಿದುಲಾ ಒಂದು ಚಮಚ ಬಾಯಿಗಿಟ್ಟಳು. ಆಮೇಲೆ ಇನ್ನೊಂದು. ನಿಂತಲ್ಲೇ ಬಟ್ಟಲು ಅರ್ಧವಾಯಿತು. "ನಮ್ಮವ್ವನ ಕೈರುಚಿ ನೆನಪಾತು ನೋಡು," ಎಂದಳು. ನೀಲವ್ವನ ಮುಖ ಅರಳಿತು.

"ಆದ್ರ ಗೆಸ್ಟ್ ಮುಂದ ಇಂಥಾದ್ದು ಇಡಾಕ ಆಗೂದಿಲ್ಲವ್ವಾ. ನಾಳಿಂದ ಬರಬ್ಯಾಡ," ಎನ್ನುತ್ತ ವಿದುಲಾ ಬಟ್ಟಲಿನ ತಳ ಬಳಿದು ತಿಂದಳು.